ಹೊಲದ ನಡುವೆ ಸೈಕಲ್ ಹೋದರೂ ಇಂಗ್ಲೆಂಡಿನ ರೈತ ಯಾಕೆ ತಡೆಯುವಂತಿಲ್ಲ?

ಫೋನಿನಲ್ಲಿ ಇಂಥ ವಿಡಿಯೊ ನೀವೂ ನೋಡಿರುತ್ತೀರಿ. ಉಬ್ಬುತಗ್ಗಿನ ಹಸಿರು ಗುಡ್ಡ, ಅಲ್ಲಲ್ಲಿ ಕುರಿ, ದೂರದಲ್ಲಿ ಒಂದು ಚರ್ಚಿನ ಗೋಪುರ. ನಡುವೆ ಬಿಳಿ ಗೆರೆ ಎಳೆದಂತೆ ಮಣ್ಣಿನ ದಾರಿ. ಹೆಲ್ಮೆಟ್ ಹಾಕಿಕೊಂಡ ಒಬ್ಬ ಮೌಂಟನ್ ಬೈಕಿನಲ್ಲಿ ಇಳಿಜಾರು ಇಳಿಯುತ್ತಿರುತ್ತಾನೆ. ಇಂಗ್ಲೆಂಡಿನ ಹಳ್ಳಿಗಾಡು.

ಪೇಟೆಯವರು ಆ ಗುಡ್ಡ ನೋಡುತ್ತಾರೆ. ಹಳ್ಳಿಯವರಾದ ನಮಗೆ ಬೇರೆ ಪ್ರಶ್ನೆ ಬರಬೇಕು. ಆ ಹೊಲ ಯಾರದು? ಇವನನ್ನು ಒಳಗೆ ಬಿಟ್ಟವರು ಯಾರು?

ಹೊಲ ಹೆಚ್ಚಿನ ಕಡೆ ಖಾಸಗಿಯವರದೇ, ಅಲ್ಲಿನ ರೈತರದೇ. ಟಿಕೆಟ್ ಇಲ್ಲ, ಪರವಾನಗಿ ಚೀಟಿ ಇಲ್ಲ. ಆದರೂ ಸೈಕಲ್ಲಿನವನನ್ನು ರೈತ ತಡೆಯುವಂತಿಲ್ಲ. ನನಗೆ ಆ ದೇಶದ ಹಸಿರಿಗಿಂತ ಈ ಸಂಗತಿಯೇ ಹೆಚ್ಚು ಇಷ್ಟ.

ಸೌತ್ ಡೌನ್ಸ್ ವೇ ಎಂಬ ದಾರಿಯನ್ನೇ ತೆಗೆದುಕೊಳ್ಳಿ. ದಕ್ಷಿಣ ಇಂಗ್ಲೆಂಡಿನ ವಿಂಚೆಸ್ಟರ್ ಪಟ್ಟಣದಿಂದ ಸಮುದ್ರದ ದಡದ ಈಸ್ಟ್‌ಬೋರ್ನ್‌ವರೆಗೆ ಸುಮಾರು 160 ಕಿ.ಮೀ. ಗುಡ್ಡಗಳ ಎತ್ತರ ಹೇಳಿದರೆ ಚಿಕ್ಕಮಗಳೂರಿನವರು ನಗುತ್ತಾರೆ. ಬಟ್ಸರ್ ಹಿಲ್ 270 ಮೀಟರ್, ಡಿಚ್ಲಿಂಗ್ ಬೀಕನ್ 248 ಮೀಟರ್. ನಮ್ಮ ಮುಳ್ಳಯ್ಯನಗಿರಿ 1,930 ಮೀಟರ್! ಆದರೆ ಅಲ್ಲಿ ಒಂದು ಗುಡ್ಡ ಹತ್ತಿ ಇಳಿದರೆ ಮತ್ತೊಂದು ಕಾದಿರುತ್ತದೆ. ಎಲ್ಲ ಏರು ಕೂಡಿಸಿದರೆ 4,000 ಮೀಟರ್ ಹತ್ತಿರ ಬರುತ್ತದೆ. ನೆಲ ಸೀಮೆಸುಣ್ಣದಂಥ ಮೆತ್ತನೆಯ ಬಿಳಿ ಕಲ್ಲು. ಒಣಗಿದ್ದರೆ ಚಕ್ರ ಚೆನ್ನಾಗಿ ಓಡುತ್ತದೆ, ಮಳೆ ಬಿದ್ದರೆ ಸೋಪು ಹಚ್ಚಿದ ಹಾಗೆ ಜಾರುತ್ತದೆ. ನಡುನಡುವೆ ಚೂಪಾದ ಚಕಮಕಿ ಕಲ್ಲು ಬೇರೆ, ಟೈರ್ ಕೊಯ್ದು ಹಾಕುತ್ತದೆ.

ಇದನ್ನು ಪ್ರವಾಸೋದ್ಯಮ ಇಲಾಖೆ ಜೆಸಿಬಿ ತಂದು ಮಾಡಿಸಿದ್ದಲ್ಲ. ಕುರಿ ಹೊಡೆದುಕೊಂಡು ಹೋಗುವವರು, ಸಂತೆಗೆ ಹೋಗುವವರು ಕೆಳಗಿನ ಕೆಸರು ತಪ್ಪಿಸಿ ಗುಡ್ಡದ ನೆತ್ತಿಯ ಮೇಲೆ ತುಳಿದು ಮಾಡಿದ ದಾರಿಗಳು ಇವು. 1972ರಲ್ಲಿ ಅಂಥವನ್ನು ಜೋಡಿಸಿ, ಕುದುರೆ ಮತ್ತು ಸೈಕಲ್ ಎರಡಕ್ಕೂ ಸಲ್ಲುವ ದೂರದ ದಾರಿ ಎಂದು ತೆರೆದರು. ಅಂಥ ಜಾತಿಯ ದಾರಿಯಲ್ಲಿ ಅದೇ ಮೊದಲನೆಯದು.

ಅಲ್ಲಿನ ಕಾನೂನು ಹೊಲವನ್ನೂ ದಾರಿಯನ್ನೂ ಬೇರೆ ಬೇರೆ ಮಾಡಿ ನೋಡುತ್ತದೆ. ಮಣ್ಣು ಮಾಲೀಕನದು, ಅದರ ಮೇಲೆ ಹಾದುಹೋಗುವ ಹಕ್ಕು ಜನರದು. ದಾರಿಯಲ್ಲೂ ಬಗೆಗಳಿವೆ. ಹಳದಿ ಬಾಣದ ಗುರುತಿದ್ದರೆ ಕಾಲುದಾರಿ, ನಡೆಯುವವರಿಗೆ ಮಾತ್ರ. ನೀಲಿ ಬಾಣವಿದ್ದರೆ ಬ್ರೈಡಲ್‌ವೇ, ಅಂದರೆ ಕುದುರೆ ದಾರಿ. 1968ರ ಒಂದು ಕಾಯ್ದೆ ಈ ಕುದುರೆ ದಾರಿಯಲ್ಲಿ ಸೈಕಲ್ಲಿಗೂ ಜಾಗ ಕೊಟ್ಟಿತು. ಷರತ್ತು ಏನೆಂದರೆ, ನಡೆಯುವವರಿಗೂ ಕುದುರೆ ಸವಾರರಿಗೂ ಸೈಕಲ್ಲಿನವನು ದಾರಿ ಬಿಡಬೇಕು. ಸೈಕಲ್ಲಿಗಾಗಿ ದಾರಿ ದುರಸ್ತಿ ಮಾಡಿಸುವ ಹೊಣೆ ಮಾತ್ರ ಸ್ಥಳೀಯ ಆಡಳಿತಕ್ಕಿಲ್ಲ. ಆಗಿನ್ನೂ ಮೌಂಟನ್ ಬೈಕ್ ಎಂಬುದೇ ಮಾರುಕಟ್ಟೆಗೆ ಬಂದಿರಲಿಲ್ಲ. ಬಂದ ಮೇಲೆ ನೋಡಿದರೆ, ಆ ಸವಾರರಿಗೆ ಬೇಕಾದದ್ದೇ ಕೆಟ್ಟ ದಾರಿ!

ಇನ್ನು ರೈತ ಏನು ಮಾಡಬೇಕು ಎಂಬುದನ್ನು ಸ್ವಲ್ಪ ನಿಧಾನವಾಗಿ ಓದಿ. ಹೊಲದ ನಡುವೆ ಹಾದ ಕುದುರೆ ದಾರಿಯನ್ನು ಬೇರೆ ದಾರಿ ಕಾಣದಿದ್ದರೆ ಉಳಬಹುದು. ಆದರೆ ಬಿತ್ತನೆಗೆ ಮೊದಲ ಸಲ ಉತ್ತಾಗ 14 ದಿನದೊಳಗೆ, ಆಮೇಲೆ ಪ್ರತಿ ಸಲ ಕೆದಕಿದಾಗ 24 ಗಂಟೆಯೊಳಗೆ ಅದನ್ನು ಸಮ ಮಾಡಿ, ದಾರಿ ಎಲ್ಲಿದೆ ಎಂದು ಕಣ್ಣಿಗೆ ಕಾಣುವ ಹಾಗೆ ಬಿಡಬೇಕು. ದಾಖಲೆಯಲ್ಲಿ ಅಗಲ ಬರೆದಿಲ್ಲದಿದ್ದರೆ ಕನಿಷ್ಠ 2 ಮೀಟರ್ ಬಿಡಬೇಕು, ಕಾಲುದಾರಿಗಾದರೆ 1 ಮೀಟರ್. ಅದರ ಮೇಲೆ ಬೆಳೆ ಬೆಳೆಯುವಂತಿಲ್ಲ. ಬದುವಿನ ಪಕ್ಕ ಹೋಗುವ ದಾರಿಯನ್ನಂತೂ ಉಳುವಂತೆಯೇ ಇಲ್ಲ. ಗೇಟು ಸರಿಯಾಗಿಡುವುದು ಮಾಲೀಕನ ಕೆಲಸ, ಅದರ ಖರ್ಚಿನಲ್ಲಿ ಕಾಲು ಭಾಗವನ್ನಾದರೂ ಆಡಳಿತದಿಂದ ಕೇಳಿ ಪಡೆಯಬಹುದು. ಹೋರಿಗೂ ಕಾನೂನಿದೆ. ಹಾಲಿನ ತಳಿಯ, 10 ತಿಂಗಳು ದಾಟಿದ ಹೋರಿಯನ್ನು ದಾರಿ ಹಾದ ಹೊಲದಲ್ಲಿ ಬಿಡಬಾರದು. ಬೇರೆ ತಳಿಯದಾದರೆ ಹಸು ಕಡಸುಗಳ ಜೊತೆ ಮಾತ್ರ ಬಿಡಬಹುದು. ಹಸುಗಳ ಜೊತೆಗಿದ್ದರೆ ಹೋರಿ ಮನುಷ್ಯರ ಗೊಡವೆಗೆ ಬರುವುದಿಲ್ಲ ಎಂಬ ಲೆಕ್ಕಾಚಾರ ಇರಬೇಕು. ಕಾನೂನು ಬರೆದವರಲ್ಲಿ ಯಾರೋ ದನ ಕಟ್ಟಿದವರಿದ್ದರು ಅನಿಸುತ್ತದೆ.

ರೈತನಿಗೂ ರಕ್ಷಣೆ ಇದೆ. ದಾರಿ ಬಿಟ್ಟು ಒಂದು ಹೆಜ್ಜೆ ಆಚೆ ಹೋಗುವ ಹಕ್ಕು ಸೈಕಲ್ಲಿನವನಿಗೆ ಇಲ್ಲ. ತೆರೆದಿದ್ದ ಗೇಟನ್ನು ತೆರೆದೇ, ಮುಚ್ಚಿದ್ದನ್ನು ಮುಚ್ಚಿಯೇ ಬಿಟ್ಟು ಹೋಗಬೇಕು. ಇಷ್ಟಿದ್ದೂ ಕಿರಿಕಿರಿ ತಪ್ಪಿಲ್ಲ. ಮಳೆಗಾಲದಲ್ಲಿ ಚಕ್ರದ ಜಾಡು ಆಳವಾಗುತ್ತದೆ, ನಾಯಿ ಕುರಿಗಳ ಹಿಂದೆ ಬೀಳುತ್ತದೆ, ಗೇಟು ತೆರೆದಿಟ್ಟು ಹೋಗುವವರು ಅಲ್ಲೂ ಇದ್ದಾರೆ. ಜಗಳ ಇದೆ, ಆದರೆ ಅದು ಗೇಟಿನ ಮೇಲೆ, ಜಾಡಿನ ಮೇಲೆ. ದಾರಿ ಇದೆಯೋ ಇಲ್ಲವೋ ಎನ್ನುವುದಕ್ಕೆ ನಕಾಶೆ ಇದೆ.

ಆ ನಕಾಶೆ ಪುಕ್ಕಟೆ ಸಿಕ್ಕಿದ್ದಲ್ಲ. 1932ರ ಏಪ್ರಿಲ್ 24ರಂದು ಮ್ಯಾಂಚೆಸ್ಟರ್ ಕಡೆಯ ನೂರಾರು ಹುಡುಗ ಹುಡುಗಿಯರು ಕಿಂಡರ್ ಸ್ಕೌಟ್ ಎಂಬ ಗುಡ್ಡಕ್ಕೆ ಬೇಕೆಂದೇ ಅತಿಕ್ರಮ ಪ್ರವೇಶ ಮಾಡಿದರು. ಶ್ರೀಮಂತರು ಹಕ್ಕಿ ಬೇಟೆಗೆಂದು ಮುಚ್ಚಿಟ್ಟಿದ್ದ ಜಾಗ ಅದು. ಮುಂದಾಳು ಬೆನ್ನಿ ರಾಥ್‌ಮನ್ ಎಂಬ 20 ವರ್ಷದ ಮೆಕ್ಯಾನಿಕ್. ರೈಲ್ವೆ ಸ್ಟೇಷನ್ನಿನಲ್ಲಿ ಪೊಲೀಸರು ಕಾಯುತ್ತಾರೆಂದು ಅವನು ಸೈಕಲ್ ತುಳಿದುಕೊಂಡು ಬಂದಿದ್ದ. ಅವನೂ ಸೇರಿ ಐವರು ಜೈಲಿಗೆ ಹೋದರು. 1949ರಲ್ಲಿ ಕಾಯ್ದೆ ಬಂತು. ನಮ್ಮ ಗ್ರಾಮ ಪಂಚಾಯಿತಿಯಂಥ ಪ್ಯಾರಿಷ್ ಕೌನ್ಸಿಲ್‌ಗಳು ತಮ್ಮ ಊರಿನ ದಾರಿಗಳನ್ನು ಪಟ್ಟಿ ಮಾಡಿ ಕೊಟ್ಟವು. ಅದರ ಮೇಲೆ ಕೌಂಟಿ ಕೌನ್ಸಿಲ್‌ಗಳು ಅಧಿಕೃತ ನಕಾಶೆ ಮಾಡಿದವು. ಆ ನಕಾಶೆಯಲ್ಲಿ ಗೆರೆ ಇದ್ದರೆ ದಾರಿ ಇದ್ದಂತೆಯೇ, ಕೋರ್ಟೂ ಅದನ್ನು ಒಪ್ಪುತ್ತದೆ.

ಇಲ್ಲೇ ಒಂದು ಹುಳುಕೂ ಇದೆ. ಎಪ್ಪತ್ತು ವರ್ಷದ ಹಿಂದೆ ಪಟ್ಟಿ ಮಾಡಿದವರು ಒಂದು ದಾರಿಯನ್ನು 'ಕಾಲುದಾರಿ' ಎಂದು ಬರೆದಿದ್ದರೆ ಇವತ್ತಿಗೂ ಅಲ್ಲಿ ಸೈಕಲ್ಲಿಗೆ ಹಕ್ಕಿಲ್ಲ, ಅದು ಟ್ರ್ಯಾಕ್ಟರ್ ಹೋಗುವಷ್ಟು ಅಗಲವಿದ್ದರೂ. ದಾಖಲಾದ ದಾರಿಗಳಲ್ಲಿ ಸೈಕಲ್ಲಿಗೆ ತೆರೆದಿರುವುದು ಸುಮಾರು ಐದರಲ್ಲಿ ಒಂದು ಪಾಲು. ರಿಜ್‌ವೇ ಎಂಬ ಪುರಾತನ ದಾರಿ ಸುಮಾರು 139 ಕಿ.ಮೀ. ಉದ್ದವಿದೆ. ಏವ್‌ಬರಿ ಹತ್ತಿರದಿಂದ ಥೇಮ್ಸ್ ನದಿಯವರೆಗಿನ ಪಶ್ಚಿಮ ಭಾಗದಲ್ಲಿ ಸೈಕಲ್ ಹೋಗಬಹುದು. ನದಿ ದಾಟಿದ ಮೇಲೆ ಬಹುಪಾಲು ಕಾಲುದಾರಿ, ಅಲ್ಲಿ ಸೈಕಲ್ಲಿನವನು ಬೇರೆ ದಾರಿ ಹುಡುಕಿಕೊಳ್ಳಬೇಕು. ಇಂಥ ತುಂಡುಗಳನ್ನೇ ಹೊಲಿದು ಸೈಕ್ಲಿಂಗ್ ಯುಕೆ ಎಂಬ ಸಂಸ್ಥೆ 2020ರಲ್ಲಿ ಕಿಂಗ್ ಆಲ್ಫ್ರೆಡ್ಸ್ ವೇ ಎಂಬ 350 ಕಿ.ಮೀ. ಸುತ್ತುದಾರಿ ಮಾಡಿತು. ವಿಂಚೆಸ್ಟರ್‌ನಲ್ಲಿ ಹೊರಟು ಸ್ಟೋನ್‌ಹೆಂಜ್ ಮುಟ್ಟಿ ಮತ್ತೆ ವಿಂಚೆಸ್ಟರ್‌ಗೇ ಬರುತ್ತದೆ. ಹೊಸ ರಸ್ತೆ ಕಡಿಯಲಿಲ್ಲ, ಇರುವ ಹಕ್ಕುಗಳನ್ನು ಜೋಡಿಸಿದರು.

ಪಕ್ಕದ ಸ್ಕಾಟ್ಲೆಂಡ್ 2003ರಲ್ಲಿ ಬೇರೆ ರೀತಿ ಮಾಡಿತು. ಬೆಳೆ ಇರುವ ಹೊಲ, ಮನೆಯ ಅಂಗಳ ಇಂಥವು ಬಿಟ್ಟು ಹೆಚ್ಚುಕಡಿಮೆ ಎಲ್ಲ ಕಡೆ ಜವಾಬ್ದಾರಿಯಿಂದ ಹೋಗುವ ಹಕ್ಕು ಕೊಟ್ಟಿತು. ಇಂಗ್ಲೆಂಡಿನ ಸವಾರರು ನಮಗೂ ಹಾಗೇ ಬೇಕು ಎನ್ನುತ್ತಾರೆ. ನನಗೆ ಒಪ್ಪಿಗೆಯಿಲ್ಲ. ಸ್ಕಾಟ್ಲೆಂಡಿನ ಬಟಾಬಯಲು ಬೆಟ್ಟಗಳಿಗೆ ಅದು ಸರಿ. ಹೊಲಕ್ಕೆ ಹೊಲ ತಾಗಿದ ಕಡೆ ಗೆರೆಯೇ ಮೇಲು. ಎಷ್ಟು ಬಿಡಬೇಕೆಂದು ರೈತನಿಗೆ ಗೊತ್ತು, ಎಲ್ಲಿ ನಿಲ್ಲಬೇಕೆಂದು ಬಂದವನಿಗೆ ಗೊತ್ತು. ತಪ್ಪು ಬರೆದ ಗೆರೆಗಳನ್ನು ತಿದ್ದಲಿ, ಅಷ್ಟು ಸಾಕು.

ತಿದ್ದುವುದಕ್ಕೂ ಅಲ್ಲಿ ಹೋರಾಟವೇ. 2000ದ ಕಾಯ್ದೆ ಹಳೆಯ ದಾರಿಗಳನ್ನು ನಕಾಶೆಗೆ ಸೇರಿಸಲು 2026ರ ಜನವರಿ 1ರ ಗಡುವು ಇಟ್ಟಿತ್ತು. ಕುದುರೆ ಸವಾರರು, ನಡಿಗೆಯವರು ದಫ್ತರದ ಕೋಣೆಗಳಲ್ಲಿ ಕೂತು ಹಳೇ ನಕಾಶೆ ತೆಗೆದು ಅರ್ಜಿ ಹಾಕಿದರು. ಗಡುವು 2031ಕ್ಕೆ ಹೋಯಿತು. 2024ರ ಕೊನೆಯಲ್ಲಿ ಸರ್ಕಾರ ಗಡುವನ್ನೇ ತೆಗೆಯುತ್ತೇವೆ ಎಂದಿತು.

ದಾರಿ ಇದ್ದರೆ ಊರಿಗೇನು ಲಾಭ ಎಂದು ಕೇಳುವವರಿಗೆ 2001 ನೆನಪಿಸಬೇಕು. ಆ ವರ್ಷ ಬ್ರಿಟನ್ನಿನಲ್ಲಿ ಕಾಲುಬಾಯಿ ಜ್ವರ ಹಬ್ಬಿ 60 ಲಕ್ಷಕ್ಕೂ ಹೆಚ್ಚು ಜಾನುವಾರು, ಕುರಿ, ಹಂದಿ ಕೊಂದರು. ರೋಗ ಹರಡಬಾರದೆಂದು ಹಳ್ಳಿಗಾಡಿನ ದಾರಿಗಳನ್ನೂ ಮುಚ್ಚಿದರು. ಆಗ ರೈತರ ಜೊತೆಗೇ ಹಳ್ಳಿಯ ಚಹಾ ಅಂಗಡಿ, ವಸತಿ ಮನೆ, ಪಬ್ಬುಗಳೂ ನೆಲಕಚ್ಚಿದವು.

ನಮಗೂ ಈ ಕಾನೂನಿಗೂ ನೆಂಟಸ್ತಿಕೆ ಇದೆ. ಇಂಗ್ಲೆಂಡಿನ 1980ರ ಹೆದ್ದಾರಿ ಕಾಯ್ದೆ ಪ್ರಕಾರ ಜನ 20 ವರ್ಷ ಯಾರ ಅಪ್ಪಣೆಯನ್ನೂ ಕೇಳದೆ, ಅಡ್ಡಿಯಿಲ್ಲದೆ ನಡೆದ ದಾರಿ ಸಾರ್ವಜನಿಕವಾಗುತ್ತದೆ. ಮಾಲೀಕ ಬಿಟ್ಟುಕೊಡುವ ಮನಸ್ಸಿರಲಿಲ್ಲ ಎಂದು ಸಾಬೀತು ಮಾಡಿದರೆ ಮಾತ್ರ ಇಲ್ಲ. ಬ್ರಿಟಿಷರು ನಮಗೆ ಬರೆದುಕೊಟ್ಟ 1882ರ ಈಸ್‌ಮೆಂಟ್ ಕಾಯ್ದೆಯಲ್ಲೂ ಅದೇ 20 ವರ್ಷದ ಮಾತಿದೆ. ವ್ಯತ್ಯಾಸ ಏನೆಂದರೆ ನಮ್ಮಲ್ಲಿ ಅದು ಒಬ್ಬರ ಜಮೀನಿಗೂ ಪಕ್ಕದ ಜಮೀನಿಗೂ ನಡುವಿನ ಹಕ್ಕು. ಹೊಲಕ್ಕೆ ದಾರಿ ಬೇಕಾದವನು ಒಬ್ಬನೇ ಕೋರ್ಟಿಗೆ ಅಲೆಯಬೇಕು. ಅಲ್ಲಿ ಅದು ಊರಿನ ಹಕ್ಕು, ಪರ ಊರಿನಿಂದ ಸೈಕಲ್ ತಂದವನ ಹಕ್ಕೂ ಹೌದು.

ತಾಲ್ಲೂಕು ಕಚೇರಿ ಮುಂದೆ ನಿಂತು ನಾನು ಬರೆದ ಸುದ್ದಿಗಳಲ್ಲಿ ದಾರಿ ಜಗಳಗಳಿಗೆ ಲೆಕ್ಕವಿಲ್ಲ. ಬೇಲಿ ಹಾಕಿದರು, ತೆಗೆಸಿ ಎನ್ನುವ ಅರ್ಜಿ. ನಮ್ಮ ಗ್ರಾಮ ನಕಾಶೆಯಲ್ಲೂ ಕಾಲುದಾರಿ, ಬಂಡಿದಾರಿ ಗುರುತು ಇದ್ದೇ ಇದೆ. ನಕಾಶೆ ದಾರಿ ಎಂದು ನಾವೇ ಕರೆಯುತ್ತೇವೆ, ಜಗಳ ಬಂದಾಗ ಮಾತ್ರ ಅದನ್ನು ಹೊರಗೆ ತೆಗೆಯುತ್ತೇವೆ. ಪ್ಯಾರಿಷ್ ಕೌನ್ಸಿಲ್ ಮಾಡಿದ ಕೆಲಸ ನಮ್ಮ ಪಂಚಾಯಿತಿಗೆ ಆಗದ್ದೇನಲ್ಲ. ಕೊಯ್ಲು ಮುಗಿದು ಹೊಲ ಬಯಲಾದಾಗ ಸದಸ್ಯರು, ಗ್ರಾಮ ಆಡಳಿತಾಧಿಕಾರಿ, ನಾಲ್ಕು ಜನ ಹಿರಿಯರು ನಕಾಶೆ ಹಿಡಿದು ಒಂದು ಸಲ ಆ ಗೆರೆಗಳ ಮೇಲೆ ನಡೆಯಲಿ. ಯಾವುದು ಉಳಿದಿದೆ, ಯಾವುದನ್ನು ಉತ್ತಿದ್ದಾರೆ, ಯಾವುದರ ಮೇಲೆ ಮನೆ ಎದ್ದಿದೆ ಎಂದು ಬರೆದು ಮುಂದಿನ ಗ್ರಾಮಸಭೆಯಲ್ಲಿ ಓದಲಿ.