ಫೋನ್ ದೊಡ್ಡದಿದ್ದವನೇ ಲೀಡರ್ ಆಗಬೇಕಾ?

ಮೊನ್ನೆ ಸಂಜೆ ಚನ್ನರಾಯನದುರ್ಗದಲ್ಲಿ ಒಂದು ಸುದ್ದಿ ಮುಗಿಸಿ ಹೊರಡೋ ಹೊತ್ತಿಗೆ ಕರೆಂಟ್ ಹೋಗಿತ್ತು. ಊರೆಲ್ಲ ಕತ್ತಲು. ಅರಳಿಕಟ್ಟೆ ಮೇಲೆ ಮಾತ್ರ ನಾಲ್ಕು ಮುಖ ಬೆಳಗುತ್ತಿದ್ದವು. ನಾಲ್ವರು ಹುಡುಗರು, ಪಿಯುಸಿ ಮುಗಿಸಿದವರು. ಆಡುತ್ತಿದ್ದದ್ದು ಬಿಜಿಎಂಐ. ಬೈಕ್ ಸ್ಟ್ಯಾಂಡ್ ಹಾಕಿ ಪಕ್ಕದಲ್ಲಿ ಕೂತೆ. ನನಗೂ ಈ ಆಟದ ಹುಚ್ಚು ಸ್ವಲ್ಪ ಇದೆ ಅಂತ ಮೊದಲೇ ಒಪ್ಪಿಕೊಂಡುಬಿಡ್ತೀನಿ.

ಆಟ ಗೊತ್ತಿಲ್ಲದ ಹಿರಿಯರಿಗೆ ಎರಡು ಮಾತು. ನೂರು ಜನ ವಿಮಾನದಿಂದ ಒಂದು ದ್ವೀಪಕ್ಕೆ ಹಾರುತ್ತಾರೆ. ಎರಾಂಗಲ್ ಅನ್ನೋ ಹಳೇ ಮ್ಯಾಪ್ ಆದರೆ ಉದ್ದ ಎಂಟು ಕಿಲೋಮೀಟರ್, ಅಗಲ ಎಂಟು ಕಿಲೋಮೀಟರ್. ನಾಲ್ಕು ನಾಲ್ಕು ಜನ ಒಂದೊಂದು ತಂಡ, ಅದಕ್ಕೆ ಸ್ಕ್ವಾಡ್ ಅಂತಾರೆ. ಬಂದೂಕು, ಔಷಧಿ ಎಲ್ಲ ಅಲ್ಲಲ್ಲಿ ಮನೆಗಳಲ್ಲಿ ಬಿದ್ದಿರುತ್ತೆ, ಹುಡುಕಿಕೊಳ್ಳಬೇಕು. ಒಂದು ದೊಡ್ಡ ವೃತ್ತ ಆಗಾಗ ಕುಗ್ಗುತ್ತಾ ಬರುತ್ತೆ, ಅದರ ಹೊರಗೆ ಉಳಿದವನ ಪ್ರಾಣ ನಿಧಾನಕ್ಕೆ ಹೋಗುತ್ತೆ. ಕೊನೆಗೆ ಉಳಿದ ತಂಡ ಗೆದ್ದಂಗೆ. ಪಬ್‌ಜಿ ಅಂತಿದ್ದದ್ದನ್ನು 2020ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಸರ್ಕಾರ ನಿಷೇಧಿಸಿತು. 2021ರ ಜುಲೈನಲ್ಲಿ ಬಿಜಿಎಂಐ ಅಂತ ಹೆಸರು ಬದಲಾಯಿಸಿಕೊಂಡು ಬಂತು, ಮುಂದಿನ ಜುಲೈಗೆ ಅದೂ ಪ್ಲೇಸ್ಟೋರ್‌ನಿಂದ ಮಾಯ, 2023ರ ಮೇನಲ್ಲಿ ಮತ್ತೆ ವಾಪಸ್.

ಕಟ್ಟೆಯ ಹುಡುಗರು ಆವತ್ತು ಮಿಲಿಟರಿ ಬೇಸ್‌ಗೆ ಇಳಿದಿದ್ದರು. ಅದು ದ್ವೀಪದ ತೆಂಕಣ ತುದಿ, ನಡುವೆ ನೀರು, ದಾಟೋಕೆ ಎರಡು ಸೇತುವೆ. ಮುಂದಿನ ವೃತ್ತ ನೀರಿನ ಆಚೆಗೆ ಬಿತ್ತು. ಹಳೇ ಫೋನ್ ಇಟ್ಟುಕೊಂಡು ಮೂಲೆಯಲ್ಲಿ ಕೂತಿದ್ದ ಹುಡುಗ ತಕ್ಷಣ ಹೇಳಿದ: "ಈಗ್ಲೇ ಹೊರಡಾನ. ಬ್ರಿಡ್ಜ್ ಬ್ಯಾಡ, ಅಲ್ಲಿ ಕಾಯ್ತಿರ್ತಾರೆ. ದೋಣಿ ಐತೆ."

ಲೀಡರ್ ಹುಡುಗನ ಕೈಯಲ್ಲಿ ಹೊಸಾ ಫೋನು, ಹಿಂದೆ ಫ್ಯಾನ್ ಬೇರೆ ಸಿಕ್ಕಿಸಿದ್ದ. "ನೀನು ಸುಮ್ಕಿರ್ಲಾ, ನಿನ್ ಫೋನಲ್ಲಿ ಮ್ಯಾಪ್ ತೆರಿಯೋದೇ ಕಷ್ಟ" ಅಂದ. ಉಳಿದಿಬ್ಬರು ನಕ್ಕರು. ಇನ್ನೊಂದು ಸ್ಕ್ವಾಡ್ ಹೊಡೆಯೋಣ ಅಂತ ಅಲ್ಲೇ ಉಳಿದರು. ಎರಡು ನಿಮಿಷ ಕಳೆದು ಜೀಪ್ ಹತ್ತಿ ಸೇತುವೆಗೇ ಹೋದರು. ಆಚೆ ತುದಿಯಲ್ಲಿ ಯಾರೋ ಕಾಯುತ್ತಿದ್ದರು. ನಾಲ್ವರೂ ಅಲ್ಲೇ ಮುಗಿದರು.

"ನಂದು ಆರು ಕಿಲ್" ಅಂದ ಲೀಡರ್. ಮೂಲೆಯ ಹುಡುಗ ಏನೂ ಅನ್ನಲಿಲ್ಲ.

ನಮ್ಮ ಕಡೆ ಹುಡುಗರು ಸೋಲೋದು ಗುರಿ ಕೆಟ್ಟು ಅಲ್ಲ. ಮಧುಗಿರಿ, ಕೊರಟಗೆರೆ, ಶಿರಾ ಎಲ್ಲೇ ಕೂತು ನೋಡಿದರೂ ಒಂದೇ ಕಥೆ, ಬೆರಳು ಚುರುಕು, ಕಿವಿ ಮಂದ. ಯಾರ ಮಾತು ಕೇಳಬೇಕು ಅನ್ನೋದು ಆಟ ಶುರುವಾಗೋ ಮೊದಲೇ ತಪ್ಪಾಗಿ ತೀರ್ಮಾನವಾಗಿರುತ್ತೆ.

ದೊಡ್ಡ ಟೂರ್ನಿಗಳಲ್ಲಿ ಪಾಯಿಂಟ್ ಕೊಡೋ ರೀತಿ ನೋಡಿ. ಹದಿನಾರು ತಂಡ. ಮೊದಲು ಬಂದವರಿಗೆ 10, ಎರಡನೇ ಸ್ಥಾನಕ್ಕೆ 6, ಮೂರಕ್ಕೆ 5, ಹೀಗೇ ಇಳಿದು ಎಂಟನೇ ಸ್ಥಾನಕ್ಕೆ 1. ಒಂದು ಕಿಲ್‌ಗೆ 1. ಹನ್ನೆರಡನೇ ಸ್ಥಾನದಲ್ಲಿ ಸತ್ತು ಆರು ಕಿಲ್ ಮಾಡಿದ ತಂಡಕ್ಕೆ ಸಿಗೋದು ಆರೇ. ಮೂರೇ ಕಿಲ್ ಮಾಡಿ ಎರಡನೇ ಸ್ಥಾನಕ್ಕೆ ಬಂದವರಿಗೆ ಒಂಬತ್ತು. ಆವತ್ತಿನ ಆರು ಕಿಲ್ ಹುಡುಗನಿಗೆ ಈ ಲೆಕ್ಕ ಹೇಳಿದೆ. "ಅದು ಟೂರ್ನಮೆಂಟ್‌ನೋರಿಗೆ ಅಣ್ಣ" ಅಂದ.

ಸರಿ, ಕಬಡ್ಡಿಗೆ ಬರೋಣ. ಅದು ನಮ್ಮೂರಿನದೇ ಲೆಕ್ಕ. 2019ರ ಜನವರಿಯಲ್ಲಿ ಬೆಂಗಳೂರು ಬುಲ್ಸ್ ಪ್ರೊ ಕಬಡ್ಡಿ ಗೆದ್ದಿದ್ದು ನೆನಪಿರಬೇಕು. ಫೈನಲ್‌ನಲ್ಲಿ ಗುಜರಾತ್ ವಿರುದ್ಧ 38-33. ಪವನ್ ಶೆರಾವತ್ ಒಬ್ಬರದೇ 22 ಪಾಯಿಂಟ್. ಒಬ್ಬನೇ ಗೆಲ್ಲಿಸಿದ ಅಂತ ಎಲ್ಲರೂ ಕುಣಿದರು, ನಾನೂ ಕುಣಿದೆ. ಆದರೆ ಗುಜರಾತ್ ತಗೊಂಡಿದ್ದು 33. ಉಳಿದ ಹದಿನಾರು ಪಾಯಿಂಟ್ ಎಲ್ಲಿಂದಲೋ ಬರದೇ ಇದ್ದಿದ್ದರೆ ಪವನ್ 22 ಹೊಡೆದೂ ಸೋತಿರೋರು. ಇನ್ನೊಂದು, ಕಬಡ್ಡಿಯಲ್ಲಿ ಔಟಾದವನು ತಾನಾಗಿ ಎದ್ದು ಬರೋ ಹಂಗಿಲ್ಲ. ಒಳಗಿರೋರು ಪಾಯಿಂಟ್ ತಂದರೆ ಮಾತ್ರ ಹೊರಗೆ ಕೂತವನಿಗೆ ಜೀವ. ಬಿಜಿಎಂಐನ ರಿವೈವ್ ಕೂಡ ಹಂಗೇ. ಏಟು ಬಿದ್ದವನು ನಾಕ್ ಆಗಿ ತೆವಳುತ್ತಾನೆ. ಹತ್ತಿರ ಬಂದು ಎಬ್ಬಿಸೋ ಒಬ್ಬ ಬೇಕು, ಎಬ್ಬಿಸುವಷ್ಟು ಹೊತ್ತು ಅವನಿಗೆ ಕವರ್ ಕೊಡೋ ಇನ್ನೊಬ್ಬ ಬೇಕು. ನಾಲ್ವರೂ ನಾಲ್ಕು ದಿಕ್ಕಿಗೆ ಕಿಲ್ ಹುಡುಕಿಕೊಂಡು ಹೋದರೆ ಎಬ್ಬಿಸೋರು ಯಾರು? ಸ್ಮೋಕ್ ಹಾಕಿ, ಬ್ಯಾಂಡೇಜ್ ಹಂಚಿ, ಗಾಡಿ ಓಡಿಸಿ ಮೂವರನ್ನು ಕೊನೇ ವೃತ್ತದವರೆಗೆ ಕರೆದುಕೊಂಡು ಹೋದವನ ಹೆಸರಿನ ಮುಂದೆ ಸೊನ್ನೆ ಕಿಲ್ ಅಂತ ಬರುತ್ತೆ. ಅದನ್ನೇ ಸ್ಕ್ರೀನ್‌ಶಾಟ್ ಹೊಡೆದು ಗ್ರೂಪಿಗೆ ಹಾಕಿ ಆಡಿಕೊಳ್ಳೋದು ಬೇರೆ.

ಇನ್ನು ಮಾತು. ಗುಂಡು ಬಿದ್ದ ತಕ್ಷಣ ನಮ್ಮ ಹುಡುಗರ ಬಾಯಲ್ಲಿ ಬರೋದು "ಲೋ ಅಲ್ಲಿ ಅಲ್ಲಿ, ಹೊಡೀಲಾ". ಅಲ್ಲಿ ಅಂದರೆ ಎಲ್ಲಿ? ಪರದೆ ಮೇಲೆ ದಿಕ್ಸೂಚಿ ಇದೆ, ಅಂಕಿ ಓಡುತ್ತಿರುತ್ತೆ. "240, ಬಂಡೆ ಹಿಂದೆ, ಒಬ್ಬ" ಅಂದರೆ ಮುಗೀತು. ನಮ್ಮ ತಾತಂದಿರು ಹೊಲದ ಚೆಕ್ಕುಬಂದಿ ಹೇಳೋವಾಗ ಮೂಡಲಿಗೆ ಇಂಥವರ ಹೊಲ, ಪಡುವಲಿಗೆ ಹಳ್ಳ, ಬಡಗಲಿಗೆ ಓಣಿ ಅಂತ ಒಂದೇ ಉಸಿರಿಗೆ ಹೇಳೋರು. ಒಂದು ಗೇಣು ಆಚೀಚೆ ಆಗುತ್ತಿರಲಿಲ್ಲ. ಆ ತಾತನ ಮೊಮ್ಮಗ "ಅಲ್ಲಿ ಅಲ್ಲಿ" ಅಂತಾನೆ. ಸತ್ತವನು ಮೈಕ್‌ನಲ್ಲಿ ಕೂಗಾಡಬಾರದು ಅನ್ನೋದು ಇನ್ನೊಂದು. ಬದುಕಿರೋನಿಗೆ ಹೆಜ್ಜೆ ಸಪ್ಪಳ ಕೇಳಿಸಬೇಕು.

ಯಾರು ಹೇಳಬೇಕು, ಯಾರು ಕೇಳಬೇಕು ಅನ್ನೋದೇ ದೊಡ್ಡ ಗಂಟು. ಒಳ್ಳೇ ತಂಡಗಳಲ್ಲಿ ಐಜಿಎಲ್ ಅಂತ ಒಬ್ಬ ಇರುತ್ತಾನೆ. ಎಲ್ಲಿ ಇಳಿಯಬೇಕು, ಯಾವಾಗ ಹೊರಡಬೇಕು, ಯಾವ ಜಗಳಕ್ಕೆ ಹೋಗಬಾರದು ಅಂತ ತೀರ್ಮಾನ ಮಾಡೋನು ಅವನೇ. ಅವನು ತಂಡದ ಅತಿ ಒಳ್ಳೇ ಗುರಿಕಾರನೇ ಆಗಿರಬೇಕು ಅಂತೇನಿಲ್ಲ. ವೃತ್ತ ಎಲ್ಲಿ ಬೀಳಬಹುದು, ಯಾರು ಎಲ್ಲಿಂದ ಬರಬಹುದು ಅಂತ ಓದೋಕೆ ಬಂದರೆ ಸಾಕು. ನಮ್ಮಲ್ಲಿ? ಯಾರ ಫೋನ್ ರೇಟ್ ಜಾಸ್ತಿಯೋ ಅವನು. ಇಲ್ಲವೇ ಹಾಟ್‌ಸ್ಪಾಟ್ ಕೊಡೋನು. ಇಲ್ಲವೇ ಅಪ್ಪ ಊರಲ್ಲಿ ಹೆಸರು ಮಾಡಿರೋನು.

ಇದನ್ನು ಬರೀಬೇಕೋ ಬೇಡವೋ ಅಂತ ಯೋಚಿಸಿದೆ, ಬರೀತೀನಿ. ಆಟದೊಳಗೆ ಅಡ್ಡಹೆಸರು ಮಾತ್ರ ಕಾಣುತ್ತೆ, ಕೇರಿ ಕಾಣಲ್ಲ. ಎಲ್ಲಿಯವನೋ ಗೊತ್ತಿಲ್ಲದವನು "ಕೂತ್ಕೋ" ಅಂದರೆ ಕೂರುತ್ತಾರೆ, "ಓಡು" ಅಂದರೆ ಓಡುತ್ತಾರೆ. ಅದೇ ಮಾತು ಪಕ್ಕದ ಕೇರಿಯ ಹುಡುಗ ಕಟ್ಟೆ ಮೇಲೆ ಕೂತು ಹೇಳಿದರೆ "ನೀನ್ಯಾರ್ಲಾ ಹೇಳಕ್ಕೆ" ಅಂತ ಬರುತ್ತೆ. ಡೈರಿ ಸೊಸೈಟಿ, ಜಾತ್ರೆ ಕಮಿಟಿ, ಗಣೇಶನ ಚಂದಾ, ಎಲ್ಲಾ ಕಡೆ ನೋಡಿದ್ದೇ. ಹದಿನೆಂಟು ವರ್ಷದ ಹುಡುಗರು ಇಂಟರ್‌ನೆಟ್ ಆಟಕ್ಕೂ ಅದನ್ನೇ ಹೊತ್ತುಕೊಂಡು ಬಂದು, ಅದರಿಂದಲೇ ಸೇತುವೆ ಮೇಲೆ ಸಾಯುತ್ತಾರೆ ಅಂದರೆ ನನಗೆ ಬೇಜಾರು.

ಮೂಲೆಯ ಹುಡುಗ ಮ್ಯಾಪ್ ಯಾಕೆ ಅಷ್ಟು ಚೆನ್ನಾಗಿ ಓದ್ತಾನೆ ಗೊತ್ತಾ? ಅವನ ಫೋನ್ ಬಿಸಿಯಾಗಿ ಹ್ಯಾಂಗ್ ಆಗುತ್ತೆ. ಎದುರು ನಿಂತು ಹೊಡೆದಾಡೋಕೆ ಹೋದರೆ ಪರದೆ ನಿಂತೇ ಹೋಗುತ್ತೆ. ಹಂಗಾಗಿ ಮುಂಚೆಯೇ ಯೋಚಿಸಿ, ಮುಂಚೆಯೇ ಹೊರಟು, ಮರೆ ಹಿಡಿದು ಕೂರೋದು ಕಲಿತಿದ್ದಾನೆ.

ತಲೆ ಎತ್ತಿದರೆ ದುರ್ಗ. ಬೆಟ್ಟದ ಮೇಲಿರೋನೇ ರಾಜ ಅಂತ ಹುಡುಗರು ನಂಬಿದ್ದಾರೆ, ಆಟದಲ್ಲೂ ಗುಡ್ಡ ಕಂಡರೆ ಸಾಕು ಹತ್ತಿ ಮಲಗುತ್ತಾರೆ. ಮೇಲಿದ್ದರೆ ಕೆಳಗಿನದು ಕಾಣುತ್ತೆ, ನಿಜ. ಆದರೆ ಮಧುಗಿರಿ ಪಾಳೆಯಗಾರರ ಈ ಕೋಟೆಯೂ ಮೈಸೂರಿನವರು, ಮರಾಠರು ಅಂತ ಕೈ ಬದಲಾಯಿಸುತ್ತಾ ಹೋಯಿತು. ಎತ್ತರ ಹಿಡಿದವನೂ ಒಂದಿನ ಇಳಿಯಬೇಕು. ವೃತ್ತ ಗುಡ್ಡ ಬಿಟ್ಟು ಬಯಲಿಗೆ ಬಿದ್ದಾಗ ಇಳಿಯೋ ದಾರಿ ಯಾವುದು, ಎಷ್ಟು ಸ್ಮೋಕ್ ಉಳಿದಿದೆ, ಮೊದಲು ಯಾರು ಓಡಬೇಕು, ಇದನ್ನು ಹತ್ತೋ ಮೊದಲೇ ಮಾತಾಡಿಕೊಂಡಿರಬೇಕು.

ಕಿಲ್ ಹುಚ್ಚಿಗೆ ಇನ್ನೊಂದು ಕಾರಣ ದುಡ್ಡು. ವಾಟ್ಸಾಪ್, ಟೆಲಿಗ್ರಾಂನಲ್ಲಿ "ರೂಮ್" ನಡೆಸೋರಿದ್ದಾರೆ. ಫೋನ್‌ಪೇಯಲ್ಲಿ ಎಂಟ್ರಿ ಹಾಕಿ, ಒಂದೊಂದು ಕಿಲ್‌ಗೂ ಇಷ್ಟು ಅಂತ ವಾಪಸ್. ಕಿಲ್‌ಗೆ ದುಡ್ಡು ಇಟ್ಟರೆ ಸ್ಕ್ವಾಡ್ ಎಲ್ಲಿ ಉಳಿಯುತ್ತೆ? ನಾಕ್ ಆದ ಗೆಳೆಯನನ್ನು ಬಿಟ್ಟು ಮುಂದಿನ ತಲೆ ಹುಡುಕೋದೇ ಲಾಭ. 2025ರ ಆಗಸ್ಟ್‌ನಲ್ಲಿ ಸಂಸತ್ತು ಪಾಸ್ ಮಾಡಿದ ಆನ್‌ಲೈನ್ ಗೇಮಿಂಗ್ ಕಾಯ್ದೆ ಹಣ ಕಟ್ಟಿ ಹಣ ಗೆಲ್ಲೋ ಆಟಗಳನ್ನು ನಿಷೇಧಿಸಿದೆ, ನಡೆಸೋರಿಗೆ ಮೂರು ವರ್ಷದವರೆಗೆ ಜೈಲು, ಒಂದು ಕೋಟಿವರೆಗೆ ದಂಡ. ಆಡೋನಿಗೆ ಶಿಕ್ಷೆ ಇಲ್ಲ. ಅದೇ ಕಾಯ್ದೆ ಇ-ಸ್ಪೋರ್ಟ್ಸ್ ಅನ್ನು ಬೇರೆ ಅಂತ ಒಪ್ಪಿಕೊಂಡಿದೆ. ಊರಿನ ಯುವಕ ಸಂಘಗಳು ಗಣೇಶನ ಹಬ್ಬಕ್ಕೆ ಕಬಡ್ಡಿ, ವಾಲಿಬಾಲ್ ಇಡೋ ಹಂಗೆ ಶಾಮಿಯಾನ ಹಾಕಿ, ಎಂಟ್ರಿ ಫೀಸ್ ಇಲ್ಲದೆ, ಎಲ್ಲರ ಕಣ್ಣೆದುರಿಗೆ ಇದನ್ನೂ ಒಂದು ಸಂಜೆ ಆಡಿಸಲಿ ಅಂತ ನನ್ನ ಆಸೆ. ಸ್ಥಾನಕ್ಕೆ ಪಾಯಿಂಟ್ ಇಡಿ. ಒಂದೊಂದು ತಂಡದಲ್ಲೂ ಎರಡು ಕೇರಿಯವರು ಇರಲೇಬೇಕು ಅಂತ ಒಂದು ರೂಲ್ಸ್ ಹಾಕಿದರೆ ಇನ್ನೂ ಒಳ್ಳೇದು. ಅಪ್ಪ ಅಮ್ಮಂದಿರೂ ಬಂದು ಕೂರಲಿ, ಮಗ ಫೋನಿನಲ್ಲಿ ಏನು ಕಿರುಚುತ್ತಾನೆ ಅಂತ ಗೊತ್ತಾಗುತ್ತೆ.

ಹೋದ ವಾರ ಮತ್ತೆ ಆ ಕಡೆ ಹೋಗಿದ್ದೆ. ಬಲವಂತ ಮಾಡಿ ಒಂದೇ ಒಂದು ಮ್ಯಾಚ್ ಮೂಲೆಯ ಹುಡುಗನಿಗೆ ಬಿಟ್ಟುಕೊಡಿ ಅಂದೆ. ಊರಿನ ಗದ್ದಲ ಬಿಟ್ಟು ದೂರದ ಎರಡು ಮನೆಗೆ ಇಳಿಸಿದ. ಹದಿನೈದು ನಿಮಿಷ ಗುಂಡಿನ ಸದ್ದೇ ಇಲ್ಲ. ಲೀಡರ್ ಹುಡುಗ ಆಕಳಿಸಿ ಆಕಳಿಸಿ ಸುಸ್ತಾದ. ಮೂರನೇ ಸ್ಥಾನಕ್ಕೆ ಬಂದರು. ಲೀಡರ್‌ದು ಒಂದೇ ಕಿಲ್. "ಇದೇನ್ ಆಟ ಅಣ್ಣ, ಕುರಿ ಕಾಯ್ದಂಗೆ ಆಯ್ತು" ಅಂದ. ಆದರೂ "ಇನ್ನೊಂದು ಆಡಾನ, ನೀನೇ ಹೇಳು" ಅಂತ ಅವನ ಕಡೆ ತಿರುಗಿದ. ಅಷ್ಟರಲ್ಲಿ ತ್ರೀ ಫೇಸ್ ಬಂತು. ಮೂಲೆಯ ಹುಡುಗ ಫೋನ್ ಜೇಬಿಗೆ ಹಾಕಿಕೊಂಡು ಮೋಟ್ರು ಆನ್ ಮಾಡೋಕೆ ತೋಟದ ಕಡೆ ಓಡಿದ.