ಶವಪೆಟ್ಟಿಗೆಯ ಮುಂದೆ ವಂದನಾರ್ಪಣೆ ಏಕೆ?

ನಮ್ಮ ಅನೇಕ ಧರ್ಮಕೇಂದ್ರಗಳಲ್ಲಿ ಬೇರೂರಿರುವ ಪದ್ಧತಿಯೊಂದನ್ನು ಕುರಿತು ತಮ್ಮೊಡನೆ ಸ್ವಲ್ಪ ಕಟುವಾಗಿಯೇ ಮಾತನಾಡಬೇಕಾಗಿದೆ. ಮೃತರಿಗಾಗಿ ಅರ್ಪಿಸುವ ಬಲಿಪೂಜೆ ಮುಗಿಯುವ ಹೊತ್ತಿಗೆ, ಶವಪೆಟ್ಟಿಗೆ ಇನ್ನೂ ಪೀಠದ ಮುಂದಿರುವಾಗಲೇ, ಮನೆಯವರಲ್ಲೊಬ್ಬರನ್ನು ಧ್ವನಿವರ್ಧಕದ ಮುಂದೆ ನಿಲ್ಲಿಸುತ್ತೇವೆ. ಅವರು ಚೀಟಿ ಹಿಡಿದು ಗುರುಗಳಿಗೆ, ಕನ್ಯಾಸ್ತ್ರೀಯರಿಗೆ, ಗಾಯನವೃಂದಕ್ಕೆ, ವೈದ್ಯರಿಗೆ, ಹೂವಿನ ಹಾರ ತಂದವರಿಗೆ, ದೂರದ ಊರುಗಳಿಂದ ಬಂದ ಬಂಧುಗಳಿಗೆ ವಂದನೆ ಸಲ್ಲಿಸಬೇಕು. ಒಂದು ಹೆಸರು ಬಿಟ್ಟುಹೋದರೆ ವರ್ಷಗಟ್ಟಲೆ ಮನಸ್ತಾಪ! ಶಾಲಾ ವಾರ್ಷಿಕೋತ್ಸವದ ವಂದನಾರ್ಪಣೆ ಸಾವಿನ ಮನೆಯೊಳಗೂ ನುಸುಳಿದೆ. ಇದನ್ನು ನಿಲ್ಲಿಸಬೇಕು ಎಂಬುದೇ ನನ್ನ ವಾದ.

ನಮ್ಮ ತಾಯಿ ತೀರಿಕೊಂಡಾಗ ಈ ಹೊಣೆ ಹಿರಿಯಣ್ಣನ ಹೆಗಲಿಗೆ ಬಿತ್ತು. ಅಮ್ಮನ ಪಕ್ಕದಲ್ಲಿ ಕುಳಿತಿರಬಹುದಾಗಿದ್ದ ಆ ಕೊನೆಯ ರಾತ್ರಿಯಲ್ಲಿ ಆತ ಅಡುಗೆಮನೆಯ ದೀಪದ ಕೆಳಗೆ ಹೆಸರುಗಳ ಪಟ್ಟಿ ಬರೆಯುತ್ತಿದ್ದ. ಯಾರ ಹೆಸರು ಮೊದಲು, ಯಾರದು ನಂತರ ಎಂದು ಹಿರಿಯರ ಸಲಹೆಗಳು ಬೇರೆ. ನಾವು ಎಲ್ಲರಿಗಿಂತ ಹೆಚ್ಚು ಋಣಿಗಳಾಗಿದ್ದುದು ಯಾರಿಗೋ, ಆಕೆಯ ಹೆಸರು ಮಾತ್ರ ಆ ಪಟ್ಟಿಯಲ್ಲಿರಲಿಲ್ಲ.

ಉಪಕಾರ ಸ್ಮರಣೆ ಬೇಡವೇ ಎಂದು ತಾವು ಕೇಳಬಹುದು. ಯೇಸುಸ್ವಾಮಿ ಗುಣಪಡಿಸಿದ ಹತ್ತು ಮಂದಿ ಕುಷ್ಠರೋಗಿಗಳಲ್ಲಿ ಮರಳಿ ಬಂದವನು ಒಬ್ಬನೇ ಅಲ್ಲವೇ ಎಂದೂ ನೆನಪಿಸಬಹುದು. ಒಪ್ಪಿದೆ. ಆದರೆ ಆತ ಮರಳಿ ಬಂದದ್ದು ಗುಣವಾದ ಮೇಲೆ. ಗಾಯದಿಂದ ಇನ್ನೂ ರಕ್ತ ಹರಿಯುತ್ತಿರುವವನನ್ನು ನಿಲ್ಲಿಸಿ ವಂದನೆ ಹೇಳಿಸುವುದು ಬೇರೆಯೇ ಮಾತು. ಮೃತರನ್ನು ಮಣ್ಣು ಮಾಡುವುದು ದೈಹಿಕ ದಯಾಕಾರ್ಯಗಳು ಏಳರಲ್ಲಿ ಒಂದೆಂದು ಧರ್ಮೋಪದೇಶದಲ್ಲಿ ಕಲಿತವರು ನಾವು. ನಿನೆವೆಯಲ್ಲಿ ಅರಸನಿಗೆ ಹೆದರದೆ ಅನಾಥ ಶವಗಳನ್ನು ಹೂಳುತ್ತಿದ್ದ ತೋಬಿತನಿಗೆ ವಂದನಾರ್ಪಣೆ ದೊರೆಯಲಿಲ್ಲ. ಆತ ಮನೆಮಾರನ್ನೇ ಕಳೆದುಕೊಂಡ. ನಾವಾದರೋ ಹೆಗಲು ಕೊಟ್ಟು ಹತ್ತು ಹೆಜ್ಜೆ ನಡೆದುದಕ್ಕೆ ಹೆಸರನ್ನು ನಿರೀಕ್ಷಿಸುತ್ತೇವೆ.

ಈ ಪದ್ಧತಿಯ ಹಿಂದೆ ಇನ್ನೂ ಆಳವಾದ ದೋಷವೊಂದಿದೆ. ದುಃಖ ವಿಶ್ವಾಸದ ಕೊರತೆ, ಕೃತಜ್ಞತೆಯೇ ವಿಶ್ವಾಸದ ಗುರುತು ಎಂದು ನಾವು ನಂಬಿಬಿಟ್ಟಿದ್ದೇವೆ. ಆದುದರಿಂದಲೇ ಮಗುವನ್ನು ಕಳೆದುಕೊಂಡ ತಾಯಿಗೂ, ಅಳಬೇಡಮ್ಮಾ, ದೇವರ ಚಿತ್ತವೆಂದು ಸ್ತುತಿಸು ಎನ್ನುತ್ತೇವೆ. ಯೋಬನನ್ನು ಸಾಕ್ಷಿಗೆ ಕರೆಯುತ್ತೇವೆ. ಕೊಟ್ಟವನೂ ತೆಗೆದುಕೊಂಡವನೂ ದೇವರೇ ಎಂದು ಆತ ನಮಿಸಿದ್ದು ಮೊದಲನೆಯ ಅಧ್ಯಾಯದಲ್ಲಿ. ಆ ಗ್ರಂಥದಲ್ಲಿರುವುದು 42 ಅಧ್ಯಾಯಗಳು! ಮೂರನೆಯದರಲ್ಲಿ ಅದೇ ಯೋಬ ತಾನು ಹುಟ್ಟಿದ ದಿನವನ್ನೇ ಶಪಿಸುತ್ತಾನೆ. ಅವನ ಗೆಳೆಯರು ಏಳು ಹಗಲು ಏಳು ರಾತ್ರಿ ಮೌನವಾಗಿ ನೆಲದ ಮೇಲೆ ಕುಳಿತಿದ್ದರಲ್ಲ, ಅವರು ಮಾಡಿದ ಒಳ್ಳೆಯ ಕೆಲಸವೆಂದರೆ ಅದೊಂದೇ. ಬಾಯಿ ತೆರೆದ ಮೇಲೆ ಎಲ್ಲವೂ ಕೆಟ್ಟಿತು. ಕೊನೆಯಲ್ಲಿ ದೇವರ ಕೋಪಕ್ಕೆ ಗುರಿಯಾದವರು ಆ ಉಪದೇಶಕರೇ ಹೊರತು ಗೋಳಾಡಿದ ಯೋಬನಲ್ಲ.

ಸಂತ ಅಗಸ್ಟೀನರ ಅನುಭವವೂ ಇಲ್ಲಿ ನೆನಪಾಗುತ್ತದೆ. ಅವರ ತಾಯಿ ಸಂತ ಮೋನಿಕಾ 387ರಲ್ಲಿ ರೋಮಿನ ಬಂದರು ಒಸ್ತಿಯದಲ್ಲಿ ತೀರಿಕೊಂಡಾಗ ಅಗಸ್ಟೀನರ ಎಳೆಯ ಮಗ ಗಟ್ಟಿಯಾಗಿ ಅತ್ತುಬಿಟ್ಟ. ಸುತ್ತಲಿದ್ದವರು ಅವನನ್ನು ಸುಮ್ಮನಾಗಿಸಿದರು. ಅಗಸ್ಟೀನರೂ ಕಣ್ಣೀರನ್ನು ಬಿಗಿಹಿಡಿದರು. ಸಮಾಧಿಯ ಬಳಿ ಅಳಲಿಲ್ಲ, ಸ್ನಾನ ಮಾಡಿದರೆ ದುಃಖ ಇಳಿದೀತೆಂದು ಸ್ನಾನಗೃಹಕ್ಕೂ ಹೋಗಿ ಬಂದರು, ಇಳಿಯಲಿಲ್ಲ. ಬಳಿಕ ಏಕಾಂತದಲ್ಲಿ ದೇವರ ಎದುರು ಅತ್ತರು. ಅಷ್ಟನ್ನು ಬರೆದಿಡುವಾಗಲೂ ಓದುವವರು ಎಲ್ಲಿ ನಕ್ಕಾರೋ ಎಂಬ ಅಳುಕು ಅವರಿಗಿತ್ತು. ಸಭೆಯ ಮಹಾಪಂಡಿತರೊಬ್ಬರಿಗೇ ಇಷ್ಟು ಸಂಕೋಚ ಹುಟ್ಟಿಸಿದ ಆ ಒತ್ತಡವನ್ನು ನಾವು ಇಂದು ಹನ್ನೆರಡು ವರ್ಷದ ಮೊಮ್ಮಗಳ ಮೇಲೂ ಹೇರುತ್ತಿದ್ದೇವೆ.

ಇನ್ನು ವಂದನೆ ಸಲ್ಲಿಸಲೇಬೇಕೆಂದರೆ, ಅದು ಆಗಲೇ ಸಲ್ಲಿದೆ. ಬಲಿಪೂಜೆಯನ್ನು ಸೂಚಿಸುವ ‘ಯೂಕರಿಸ್ಟ್’ ಎಂಬ ಗ್ರೀಕ್ ಮೂಲದ ಪದದ ಅರ್ಥವೇ ಕೃತಜ್ಞತಾ ಸ್ತುತಿ. ದುಃಖಿಗಳಿಂದ ಮಾತು ಹೊರಡದಿದ್ದಾಗ ಇಡೀ ಸಭೆ ಅವರ ಪರವಾಗಿ ಪೀಠದಲ್ಲಿ ಆ ಸ್ತುತಿಯನ್ನು ಅರ್ಪಿಸಿರುತ್ತದೆ. ಕಡೆಯ ಭೋಜನದಲ್ಲಿ ರೊಟ್ಟಿಯನ್ನು ಕೈಗೆ ತೆಗೆದುಕೊಂಡು ಸ್ತೋತ್ರ ಸಲ್ಲಿಸಿದ ಪ್ರಭುವೇ ಅದೇ ರಾತ್ರಿ ಗೆತ್ಸೆಮನಿಯಲ್ಲಿ ಪ್ರಾಣ ಹೋಗುವಷ್ಟು ದುಃಖಪಟ್ಟರು. ಸ್ತೋತ್ರ ಸಲ್ಲಿಸಿದ್ದೇನಲ್ಲ, ಇನ್ನು ದುಃಖಿಸಬಾರದು ಎಂದು ಅವರು ಭಾವಿಸಲಿಲ್ಲ.

ಅಮ್ಮನಿಗೆ ಸಲ್ಲಬೇಕಾದ ಕೃತಜ್ಞತೆ ನಮ್ಮ ಮನೆಯಲ್ಲಿ ಮೂಡಿದ್ದು ಸುಮಾರು ಎಂಟು ತಿಂಗಳ ಬಳಿಕ. ಆಕೆ ಉಪ್ಪಿನಕಾಯಿ ಹಾಕಿಟ್ಟಿದ್ದ ಕೊನೆಯ ಭರಣಿ ಬರಿದಾದ ದಿನ ಅಣ್ಣ ತಟ್ಟೆಯ ಮುಂದೆ ಅತ್ತ, ಆಮೇಲೆ ನಕ್ಕ, ಅಮ್ಮನ ಕಥೆಗಳನ್ನು ತಡರಾತ್ರಿಯವರೆಗೆ ಹೇಳಿದ. ಯಾರೂ ಆತನ ಕೈಗೆ ಚೀಟಿ ಕೊಟ್ಟಿರಲಿಲ್ಲ.

ಪಾಲನಾ ಸಮಿತಿಯ ಸದಸ್ಯರೇ, ಮುಂದಿನ ಸಭೆಯಲ್ಲಿ ಈ ವಿಷಯವನ್ನು ಚರ್ಚೆಗೆ ತನ್ನಿ. ಸಂಬಂಧಿಕರು ಬಯಸಿದರೆ ಮೂವತ್ತನೆಯ ದಿನದ ಪೂಜೆಯಲ್ಲಿ ನಾಲ್ಕು ಮಾತಾಡಲಿ, ಇಲ್ಲವಾದರೆ ಬೇಡ. ಉಳಿದ ನಮಗೆಲ್ಲ ಬೇರೊಂದು ಕೆಲಸವಿದೆ. ನೆಂಟರೆಲ್ಲ ಊರಿಗೆ ಮರಳಿ ಮನೆ ಬರಿದಾಗುವ ಎರಡನೆಯ ವಾರದಲ್ಲಿ ಅಲ್ಲಿಗೆ ಹೋಗಿ. ಉಪದೇಶ ಬೇಡ. ತೀರಿಕೊಂಡವರ ಹೆಸರನ್ನು ಹಿಡಿದೇ ಮಾತನಾಡಿ. ಹೆಂಡತಿಯನ್ನು ಕಳೆದುಕೊಂಡ ಮುದುಕರು ತಾವೇ ಕಾಫಿ ಮಾಡಿ ತಂದರೆ, ಸಕ್ಕರೆ ಹೆಚ್ಚಾಗಿದ್ದರೂ ಕುಡಿದು ಬನ್ನಿ.