ಮೊದಲ ಹಡಗುಯಾನಕ್ಕೆ ಮುನ್ನ

ಭೈರಸಂದ್ರ, ತಾವರೆಕೆರೆ, ಮಡಿವಾಳ ಸೇರಿ ಬಿಟಿಎಂ ಲೇಔಟ್ ಆಯಿತು. ಇಲ್ಲಿನ ಮಕ್ಕಳು ದಿನವೂ ಕಾಣುವ ನೀರು ಮಡಿವಾಳ ಕೆರೆ. ಅದರ ಆಚೆ ದಡ ಕಣ್ಣಿಗೆ ಕಾಣುತ್ತದೆ. ಕಡಲಿನಲ್ಲಿ ದಡ ಕಾಣದು, ರೈಲಿನಂತೆ ನಡುದಾರಿಯಲ್ಲಿ ಇಳಿಯಲೂ ಆಗದು. ಆದ್ದರಿಂದ ರಜೆಯ ಹಡಗುಯಾನಕ್ಕೆ ಸಿದ್ಧತೆ ಮನೆಯಲ್ಲೇ ಆರಂಭವಾಗಬೇಕು.

ಕೊಚ್ಚಿಯಿಂದ ಲಕ್ಷದ್ವೀಪಕ್ಕೆ ಹಡಗಿನಲ್ಲಿ 14ರಿಂದ 18 ಗಂಟೆ. ಪ್ರವೇಶ ಪರವಾನಗಿ ಕಡ್ಡಾಯ. ಮುಂಗಾರಿನಲ್ಲಿ ಕಡಲು ಒರಟು. ದಸರಾ, ಕ್ರಿಸ್‌ಮಸ್ ರಜೆಗಳೇ ವಾಸಿ. ಕೊಚ್ಚಿಯನ್ನು ಒಂದು ದಿನ ಮೊದಲೇ ತಲುಪುವುದು ಜಾಣತನ. ರೈಲು ತಡವಾಯಿತೆಂದು ಹಡಗು ಕಾಯುವುದಿಲ್ಲ. ವಾಕರಿಕೆ ಬರುವ ಮಕ್ಕಳಿಗೆ ಹಡಗಿನ ನಡುಭಾಗದ, ಕೆಳ ಅಂತಸ್ತಿನ ಕ್ಯಾಬಿನ್ ಒಳ್ಳೆಯದು. ಅಲ್ಲಿ ಹೊಯ್ದಾಟ ಕಡಿಮೆ.

ಎಲ್ಲಕ್ಕಿಂತ ಮುಖ್ಯವಾದುದು ಲೈಫ್ ಜಾಕೆಟ್ ತಾಲೀಮು. 2012ರ ಜನವರಿಯಲ್ಲಿ ಇಟಲಿಯ ಕೋಸ್ಟಾ ಕಾಂಕಾರ್ಡಿಯಾ ಹಡಗು ಬಂಡೆಗೆ ಬಡಿದು 32 ಮಂದಿ ಸತ್ತರು. ಅಂದೇ ಹತ್ತಿದ್ದ ನೂರಾರು ಜನರಿಗೆ ತಾಲೀಮು ಆಗಿರಲಿಲ್ಲ. 24 ಗಂಟೆಯೊಳಗೆ ನಡೆಸಿದರೆ ಸಾಕೆಂಬ ನಿಯಮ ಆಗ ಇತ್ತು. 2015ರಿಂದ ಅಂತರರಾಷ್ಟ್ರೀಯ ಯಾನಗಳಲ್ಲಿ ಹೊರಡುವ ಮುನ್ನ ಇಲ್ಲವೇ ಹೊರಟ ಕೂಡಲೇ ತಾಲೀಮು ನಡೆಯಬೇಕು.

ಯುದ್ಧಕಾಲೇ ಶಸ್ತ್ರಾಭ್ಯಾಸ ಕಡಲಿನಲ್ಲಿ ಸಲ್ಲದು. ಮಕ್ಕಳ ಅಳತೆಯ ಜಾಕೆಟ್ ಎಲ್ಲಿದೆ ಎಂದು ತಂದೆತಾಯಿ ಮೊದಲು ಕೇಳಲಿ, ಫೋಟೋ ಆಮೇಲೆ.